ಮಂಡಿನೋವಿಗೆ ಮೊಬೈಲ್ ಮದ್ದೇ?

ಮನೆಭೇಟಿಗೆ ಹೋದಾಗಲೆಲ್ಲ ನಮ್ಮ ಕಿವಿಗೆ ಬೀಳುವ ಮಾತು ಇದು: "ನಡೆದರೆ ಮಂಡಿ ಇನ್ನೂ ಸವೆಯುತ್ತದೆ ಫಾದರ್." ಹಾಗೆಂದುಕೊಂಡು ಎಷ್ಟೋ ಅಜ್ಜಿಯರು ಕುರ್ಚಿ ಬಿಟ್ಟು ಏಳುವುದಿಲ್ಲ. ಮೊನ್ನೆ ಒಬ್ಬ ಅಜ್ಜಿಯ ಮೊಮ್ಮಗ, "ಇದಕ್ಕೂ ಆ್ಯಪ್ ಇದೆ ಫಾದರ್, ಹಾಕಿಕೊಡಲೇ?" ಎಂದ. ನಾವು ನಕ್ಕುಬಿಟ್ಟೆವು. ಆಮೇಲೆ ಓದಿ ನೋಡಿದಾಗ ನಗುವ ವಿಷಯವಲ್ಲ ಅನ್ನಿಸಿತು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಅಂಥ ಒಂದು ಆ್ಯಪನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಂಡಿ ಸವೆತವಿದ್ದ 146 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವೈದ್ಯರ ಎಂದಿನ ಉಪಚಾರ. ಇನ್ನೊಂದಕ್ಕೆ 6 ವಾರ, ದಿನವೂ ಮೊಬೈಲಿನಲ್ಲಿ ವ್ಯಾಯಾಮ, ಜೊತೆಗೆ ತಿಳುವಳಿಕೆಯ ಪಾಠ. ನೋವನ್ನು 0ಯಿಂದ 10ರವರೆಗೆ ಅಳೆದಾಗ ಆ್ಯಪ್ ಗುಂಪಿಗೆ ಸುಮಾರು ಒಂದೂವರೆ ಅಂಕ ಹೆಚ್ಚು ಇಳಿದಿತ್ತು. ಪವಾಡವೇನಲ್ಲ. ಮೆಟ್ಟಿಲು ಹತ್ತುವವರಿಗೆ ಅದು ಸಣ್ಣದೂ ಅಲ್ಲ.

ಆದರೂ ಸ್ವಲ್ಪ ಎಚ್ಚರ ಬೇಕು. ಗುಳಿಗೆಯನ್ನಾದರೆ ಯಾವುದೆಂದು ತಿಳಿಯದಂತೆ ಕೊಡಬಹುದು, ವ್ಯಾಯಾಮವನ್ನು ಮರೆಮಾಚಲಾಗದು. ಅಂಕ ಕೊಡುವವರೂ ರೋಗಿಗಳೇ. 6 ವಾರವೂ ದೊಡ್ಡ ಅವಧಿಯಲ್ಲ.

ಮಂಡಿಗೆ ಆಸರೆ ತೊಡೆಯ ಸ್ನಾಯು. ಕೂತಲ್ಲೇ ಕೂತರೆ ಅದು ಸೊರಗುತ್ತದೆ. ಆ್ಯಪ್ ಮಾಡುವುದೆಂದರೆ ಹೇಳಿಕೊಡುವುದು, ದಿನಾ ನೆನಪಿಸುವುದು.

ಆ ಅಜ್ಜಿಗೆ ಓದು ಬಾರದು. ಮೊಮ್ಮಗನಿಗೆ ಹೇಳಿದೆವು: "ಮೊದಲು ಡಾಕ್ಟರಿಗೆ ತೋರಿಸು. ಅವರು ಸರಿ ಎಂದರೆ ದಿನಾ ಸಂಜೆ ಅಜ್ಜಿಯ ಪಕ್ಕದಲ್ಲಿ ನೀನೂ ಕುರ್ಚಿಯಿಂದ ಹತ್ತು ಸಲ ಎದ್ದು ಕೂರು. ಮುಂದಿನ ಸಲ ಬಂದಾಗ ಕೇಳುತ್ತೇವೆ."

"ಅವನನ್ನೇ ಮೊದಲು ಎಬ್ಬಿಸಿ ಫಾದರ್" ಎಂದರು ಅಜ್ಜಿ.