ಗಾಡಿ ಬಿಲ್ಲು ಗಂಡಸರ ವಿಷಯ ಅಲ್ಲ

ಈ ಸಲ ಹಪ್ಪಳ ಇಲ್ಲ, ಅಪ್ಪೆಮಿಡಿ ಇಲ್ಲ, ಬಾಣಂತಿ ಲೇಹ್ಯ ಅಂತೂ ಇಲ್ಲವೇ ಇಲ್ಲ. ಈ ಸಲ ಬೈಕ್ ಸರ್ವಿಸ್ ಬಿಲ್ಲಿನ ಮೇಲೆ ಜಗಳ. "ನಿಂಗ್ಯಾಕೆ ಅದೆಲ್ಲ, ಗಂಡುಮಕ್ಳು ನೋಡ್ಕಳ್ತಾರೆ ಬಿಡು" ಅಂತ ನಮ್ಮ ಅತ್ತಿಗೆ ಆಗಲೇ ಫೋನಲ್ಲಿ ಹೇಳಿಯಾತು. ಆ ಮಾತು ಕೇಳಿದ ಮೇಲೇ ಇದನ್ನ ಬರೀಲೇಬೇಕು ಅನ್ನಿಸಿದ್ದು.

ಗಂಡುಮಕ್ಕಳು ಎಂತ ನೋಡ್ಕಳ್ತಾರೆ ಅಂತ ನಾನು ಮೂವತ್ತು ವರ್ಷದಿಂದ ನೋಡ್ತಾ ಬಂದಿದೀನಿ. ಕೌಂಟರ್ ಹತ್ರ ಹೋಗ್ತಾರೆ, ಆ ಹುಡುಗ ಹೇಳಿದಷ್ಟು ದುಡ್ಡು ಕೊಡ್ತಾರೆ, ಬಿಲ್ಲನ್ನ ನಾಲ್ಕು ಮಡಿಕೆ ಮಾಡಿ ಸೀಟಿನ ಅಡಿಗೆ ತುರುಕ್ತಾರೆ. ಮನೇಲಿ ಕೇಳಿದ್ರೆ "ಎರಡೂವರೆ ಸಾವಿರದ ಮೇಲಾತು." ಎಂತಕ್ಕೆ? "ಸರ್ವಿಸ್‌ಗೆ." ಸರ್ವಿಸ್ ಅಂದ್ರೆ ಎಂತೆಂತ ಮಾಡಿದ್ರು? ಅಲ್ಲಿಗೆ ಮಾತು ಮುಗೀತು, ಟಿವಿ ಹಾಕ್ಕಂಡ್ರು. ಕೌಂಟರಿನಲ್ಲಿ ಕೇಳಿದ್ರೆ "ಇವನಿಗೆ ಗಾಡಿ ಬಗ್ಗೆ ಏನೂ ಗೊತ್ತಿಲ್ಲ" ಅಂದ್ಕಂಡಾರು ಅಂತ ಒಂದು ಬಿಂಕ ಅವರಿಗೆ. ನಮಗೆ ಆ ಬಿಂಕ ಇಲ್ಲವಲ್ಲ. "ನಂಗೆ ಗೊತ್ತಿಲ್ಲ ತಮ್ಮಾ, ಇದು ಎಂತದು ಹೇಳು" ಅನ್ನೋಕೆ ನಮಗೆ ಯಾವ ನಾಚಿಕೆಯೂ ಇಲ್ಲ. ಆ ಕೆಲಸಕ್ಕೆ ನಾವೇ ಲಾಯಕ್ಕು.

ನಮ್ಮ ಗುಡವಿ ಕಡೆ ಬೈಕ್ ಅನ್ನೋದು ಶೋಕಿ ಸಾಮಾನಲ್ಲ. ಪಕ್ಷಿ ನೋಡೋಕೆ ಬರೋರು ಕಾರಲ್ಲಿ ಬಂದು ಕಾರಲ್ಲೇ ಹೋಗ್ತಾರೆ. ನಮಗೆ ಡೈರಿಗೆ ಹಾಲು ಹಾಕೋಕೆ, ರೇಷನ್ ತರೋಕೆ, ಸೊರಬದ ಆಸ್ಪತ್ರೆಗೆ, ಮಗಳನ್ನ ಬಸ್ಸಿಗೆ ಬಿಡೋಕೆ, ಎಲ್ಲಕ್ಕೂ ಅದೇ. ಹಾಲಿನ ದುಡ್ಡಲ್ಲಿ ಕಂತು ಕಟ್ಟಿರೋದು, ಅಡಿಕೆ ಸುಲಿದ ದುಡ್ಡಲ್ಲಿ ಸರ್ವಿಸ್ ಮಾಡ್ಸೋದು. ಅಂದ ಮೇಲೆ ಅದರ ಬಿಲ್ಲು ಮನೆ ಖರ್ಚಿನ ಪುಸ್ತಕಕ್ಕೆ ಬರಬೇಕಾ ಬ್ಯಾಡವಾ? ಅಂಗಡಿಯವ ಕಾಲು ಕೇಜಿ ಸಾಸಿವೆಗೆ ಎರಡು ರೂಪಾಯಿ ಜಾಸ್ತಿ ಹಾಕಿದ್ರೆ ವಾಪಸ್ ಹೋಗಿ ಕೇಳ್ತೀವಿ. ಗಾಡಿ ಬಿಲ್ಲು ಮಾತ್ರ ದೇವರ ಪ್ರಸಾದದ ಹಂಗೆ ಕಣ್ಣಿಗೊತ್ತಿ ತಗಳ್ತೀವಿ.

ಈಗ ನಮ್ಮ ಮನೇದೇ ಒಂದು ಬಿಲ್ಲು ಬಿಚ್ಚಿ ಹೇಳ್ತೀನಿ. ಕಿರಿಯ ಮಗನ ಗಾಡಿ. ಬಿಡುವಾಗ "ಸಾವಿರದ ಐನೂರರ ಒಳಗೆ ಆಗ್ತದೆ" ಅಂದಿದ್ರು, ಬಂದಿದ್ದು 2,714 ರೂಪಾಯಿ. ಮೊದಲೇ ಹುಡುಗನಿಗೆ ಹೇಳಿ ಕಳಿಸಿದ್ದೆ, ಬಿಚ್ಚಿದ ಹಳೇ ಸಾಮಾನು ಬಿಟ್ಟು ಬರಬ್ಯಾಡ ಅಂತ. ಅವನು ತಂದ. ಬಿಲ್ಲನ್ನ ಊಟದ ಮೇಜಿನ ಮೇಲೆ ಹರವಿಕೊಂಡು ಕೂತೆ.

ಎಂಜಿನ್ ಆಯಿಲ್, ಏರ್ ಫಿಲ್ಟರ್, ಬ್ರೇಕ್ ಶೂ, ಕೂಲಿ, ಇವೆಲ್ಲ ಸರಿ. ಅದರ ಮಧ್ಯ "ಎಂಜಿನ್ ಫ್ಲಶ್" 190. "ಪಾಲಿಶ್" 180. "ಕನ್ಸ್ಯೂಮೆಬಲ್ಸ್" 60. ಈ ಮೂರಕ್ಕೆ 430, ಮೇಲೆ ಶೇಕಡಾ 18 ತೆರಿಗೆ ಸೇರಿ 507 ರೂಪಾಯಿ 40 ಪೈಸೆ. ಇದನ್ನ ಯಾರು ಕೇಳಿದ್ರು? ಯಾರೂ ಕೇಳಿಲ್ಲ. ಸಗಣಿ ರಸ್ತೆಯಲ್ಲಿ ಹಾಲಿನ ಕ್ಯಾನ್ ಹೊರೋ ಗಾಡಿಗೆ ಪಾಲಿಶ್! ಕನ್ಸ್ಯೂಮೆಬಲ್ಸ್ ಅಂದ್ರೆ ಎಂತ ಅಂತ ಕೇಳಿದ್ರೆ ಒರೆಸೋ ಬಟ್ಟೆ, ಒಂಚೂರು ಗ್ರೀಸ್, ಅಂತದ್ದು ಅಂತೆ. ನಾಳೆ ನಾನು ಮದುವೆ ಮನೆಗೆ ಹೋಳಿಗೆ ಮಾಡಿಕೊಟ್ಟು, ಕೂಲಿ ಬೇರೆ, ಕೈ ಒರೆಸಿದ ಬಟ್ಟೆಗೆ ಬೇರೆ ಅಂದ್ರೆ ಯಾರಾದ್ರೂ ಕೊಡ್ತಾರಾ?

ಅದಕ್ಕಿಂತ ದೊಡ್ಡದು ಇನ್ನೊಂದು ಐತೆ, ಇದನ್ನ ಎಲ್ಲರೂ ಸರಿಯಾಗಿ ತಿಳ್ಕಳಿ. ಹಳೇ ಏರ್ ಫಿಲ್ಟರನ್ನ ಹೊಸದರ ಡಬ್ಬಿಯಲ್ಲೇ ಹಾಕಿ ಕೊಟ್ಟಿದ್ರು. ಡಬ್ಬಿ ಮೇಲೆ ಎಂಆರ್‌ಪಿ 250, ಎಲ್ಲ ತೆರಿಗೆ ಸೇರಿ ಅಂತ ಅಚ್ಚಾಗಿತ್ತು. ಬಿಲ್ಲಲ್ಲಿ 250 ಬರೆದು, ಅದರ ಮೇಲೆ ಮತ್ತೆ 45 ರೂಪಾಯಿ ಜಿಎಸ್‌ಟಿ. ಆಯಿಲ್ ಡಬ್ಬದ ಮೇಲೆ 420, ಬಿಲ್ಲಲ್ಲಿ 420 ಮತ್ತು ತೆರಿಗೆ 75 ರೂಪಾಯಿ 60 ಪೈಸೆ. ಉಪ್ಪಿನ ಪ್ಯಾಕೆಟ್ ಇದ್ದಂಗೇ ಇದು. ಎಂಆರ್‌ಪಿ ಒಳಗೇ ತೆರಿಗೆ ಇರ್ತದೆ, ಅದರ ಮೇಲೆ ಒಂದು ಪೈಸೆ ತಗಳ್ಳೋ ಹಂಗಿಲ್ಲ. ಸರಿಯಾದ ಬಿಲ್ಲು ಅಂದ್ರೆ ಫಿಲ್ಟರಿನ ಬೆಲೆ 211 ರೂಪಾಯಿ 86 ಪೈಸೆ, ತೆರಿಗೆ 38 ರೂಪಾಯಿ 14 ಪೈಸೆ, ಕೂಡಿದ್ರೆ 250. ಪಿಯುಸಿ ಓದಿದ ನಂಗೇ ಬರೋ ಲೆಕ್ಕ ಇದು, ಕಂಪ್ಯೂಟರಿಗೆ ಬರಲ್ವಾ?

ಮಾರನೇ ದಿನ ನಾನೇ ಹೋದೆ. "ಸಿಸ್ಟಮ್ ಹಂಗೇ ತಗಳ್ಳೋದು ಮೇಡಂ" ಅಂದ ಅಲ್ಲಿನವ. ಸಿಸ್ಟಮಿಗೆ ಹೇಳಿದವರು ಯಾರಪ್ಪ ಅಂದೆ. "ನೂರಿಪ್ಪತ್ತು ರೂಪಾಯಿಗೆ ಇಷ್ಟು ದೂರ ಬಂದ್ರಾ" ಅಂತ ನಗಾಡಿದ. ದಿನಕ್ಕೆ ಎಷ್ಟು ಗಾಡಿ ಬರ್ತಾವೆ ಅಂತ ಕೇಳಿದೆ, ಅವನು ಹೇಳ್ಲಿಲ್ಲ. ಮುಂದಿನ ಸರ್ವಿಸಲ್ಲಿ ಕಳೀತೀವಿ ಅಂದ, ಬ್ಯಾಡ ಈಗಲೇ ಕೊಡು ಅಂದೆ. 120 ರೂಪಾಯಿ 60 ಪೈಸೆ ಕೊಟ್ಟ. ಪಾಲಿಶಿಂದು ಕೊಡಲಿಲ್ಲ, ಅದು ಇನ್ನೂ ಜಗಳದಲ್ಲೇ ಐತೆ.

(ಹಿಂದೆ ಗಾಡಿ ಬಿಡಿಭಾಗಕ್ಕೆ ಶೇಕಡಾ 28 ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ನಿಮ್ಮ ಹೊಸ ಬಿಲ್ಲಲ್ಲಿ ಎಷ್ಟು ಹಾಕಿದಾರೆ, ಕನ್ನಡಕ ಹಾಕ್ಕಂಡು ನೋಡಿ.)

"ಫ್ರೀ ಸರ್ವಿಸ್" ಅನ್ನೋ ಮಾತು ಬೇರೆ. ಫ್ರೀ ಅಂದ್ರೆ ಕೂಲಿ ಮಾತ್ರ ಫ್ರೀ. ಆಯಿಲ್ಲು, ಬಿಡಿಭಾಗ ದುಡ್ಡಿಗೇ. ಅದನ್ನ ಗಾಡಿ ಮಾರುವಾಗ ಯಾರೂ ಬಿಡಿಸಿ ಹೇಳೋದಿಲ್ಲ.

ದುಡ್ಡು ಹೋದ್ರೆ ಹಾಳಾಗಿ ಹೋಗ್ಲಿ. ನಂಗೆ ನಿದ್ದೆ ಕೆಡಿಸಿದ್ದು ನಮ್ಮ ಕೇರಿ ಹುಡುಗಿಯ ಸ್ಕೂಟರಿನ ಕಥೆ. ಅಂಗನವಾಡಿಗೆ ಹೋಗೋಳು, ಹಿಂದೆ ಮಗುವನ್ನ ಕೂರಿಸಿಕೊಂಡೇ ಹೋಗ್ತಾಳೆ. ಸರ್ವಿಸ್ ಮಾಡಿಸಿ ತಂದು ಎಂಟು ದಿನ ಆಗಿತ್ತು, ಬಿಲ್ಲಲ್ಲಿ ಹಿಂದಿನ ಬ್ರೇಕ್ ಶೂ ಹೊಸದು ಅಂತ ಬರೆದಿತ್ತು. ಜಿಟಿಜಿಟಿ ಮಳೆಯಲ್ಲಿ ಇಳಿಜಾರಲ್ಲಿ ಬ್ರೇಕ್ ಹಿಡೀಲಿಲ್ಲ, ಗಾಡಿ ಗದ್ದೆ ಬದುವಿಗೆ ಹೋಗಿ ನಿಂತಿತು. ಪುಣ್ಯಕ್ಕೆ ಮಂಡಿ ತರಚಿದ್ದು ಬಿಟ್ರೆ ಏನೂ ಆಗಲಿಲ್ಲ. ಊರಿನ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದ, ಒಳಗೆ ಇದ್ದದ್ದು ಸವೆದು ತೆಳ್ಳಗಾದ ಹಳೇ ಶೂ. ಬಿಲ್ಲು ಹೊಸದು, ಬ್ರೇಕು ಹಳೇದು! ಇದಕ್ಕೆ ಮೋಸ ಅನ್ನೋ ಶಬ್ದ ಸಾಕಾ? ಅಕ್ಕಿಯಲ್ಲಿ ಕಲ್ಲು ಹಾಕಿದವನನ್ನ ಕಳ್ಳ ಅಂತೀವಿ, ಇವರನ್ನ ಎಂತ ಅನ್ನಬೇಕು?

ಅದಕ್ಕೇ ಹಳೇ ಸಾಮಾನು ಕೇಳಿ ತಗಳಿ ಅಂತ ನಾನು ಬಡ್ಕಳ್ಳೋದು. ಡ್ರಮ್ ಬ್ರೇಕ್ ಇರೋ ಎಷ್ಟೋ ಗಾಡಿಯಲ್ಲಿ ಚಕ್ರದ ನಡುವಿನ ತಟ್ಟೆ ಮೇಲೆ ಒಂದು ಬಾಣದ ಗುರುತು ಇರ್ತದೆ. ಬ್ರೇಕ್ ಒತ್ತಿದಾಗ ಆ ಬಾಣ ಅಲ್ಲಿರೋ ಗೆರೆ ಮುಟ್ಟಿದ್ರೆ ಶೂ ಸವೆದಿದೆ ಅಂತ ಅರ್ಥ. ಹೊಸದು ಹಾಕಿದ ದಿನವೇ ಬಾಣ ಗೆರೆ ಹತ್ರ ಇದ್ರೆ ಅಲ್ಲೇ ನಿಂತು ಕೇಳಿ. ಇದಕ್ಕೆ ಮೆಕ್ಯಾನಿಕ್ ಆಗಬೇಕಾಗಿಲ್ಲ, ಇಡ್ಲಿ ಬೆಂದಿದೆಯಾ ಅಂತ ನೋಡೋ ಕಣ್ಣು ಸಾಕು.

ವರ್ಕ್‌ಶಾಪಿನ ಹುಡುಗರ ಮೇಲೆ ನಂಗೆ ಸಿಟ್ಟಿಲ್ಲ. ಅವೂ ನಮ್ಮೂರ ಕಡೆ ಮಕ್ಕಳೇ, ಐಟಿಐ ಮಾಡಿ ಬಂದಿರ್ತಾವೆ. ತಿಂಗಳಿಗೆ ಇಷ್ಟು ಪಾಲಿಶ್, ಇಷ್ಟು ಫ್ಲಶ್ ಹೊಂದಿಸಲೇಬೇಕು ಅಂತ ಮೇಲಿನವರು ಹೇಳಿರ್ತಾರೆ ಅಂತ ಒಬ್ಬ ಹುಡುಗ ನನ್ನ ಹತ್ರವೇ ಗುಟ್ಟಾಗಿ ಹೇಳಿದ. ಸಿಟ್ಟು ಆ ಮೇಲಿನವರ ಮೇಲೆ.

ಸಿಟ್ಟು ಬಂದ್ರೆ ಎಂತ ಮಾಡಬೇಕು ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಎರಡು ದಾರಿ ನೋಡಿದೀವಿ, ಎರಡೂ 2024ರ ಸೆಪ್ಟೆಂಬರಿನವೇ. ಕಲಬುರಗಿಯಲ್ಲಿ ಒಬ್ಬ ಹುಡುಗ, ಅವನೂ ಮೆಕ್ಯಾನಿಕ್ಕೇ, ಓಲಾ ಎಲೆಕ್ಟ್ರಿಕ್ ಸ್ಕೂಟರ್ ಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಗಾಡಿ ಕೆಟ್ಟಿತು, ಅಲೆದು ಅಲೆದು ಸಾಕಾಗಿ 10ನೇ ತಾರೀಕು ಷೋರೂಮಿಗೇ ಬೆಂಕಿ ಹಚ್ಚಿದ. ಪೊಲೀಸರು ಅವನನ್ನ ಹಿಡಿದ್ರು. ಅವನ ಸಂಕಟ ಅರ್ಥ ಆಗ್ತದೆ, ಆದ್ರೆ ಒಳಗೆ ಹೋದವನು ಅವನೇ ತಾನೆ? ಅದೇ ಹೊತ್ತಿಗೆ ಬೆಂಗಳೂರಲ್ಲಿ ಒಬ್ಬ ಹೆಣ್ಣುಮಗಳು ತನ್ನ ಓಲಾ ಸ್ಕೂಟರಿಗೆ, ಇದನ್ನ ಕೊಳ್ಳಬೇಡಿ ಅಂತ ಕನ್ನಡದಲ್ಲೇ ಫಲಕ ಬರೆಸಿ ಹಾಕಿಕೊಂಡು ಊರೆಲ್ಲ ಓಡಾಡಿದಳು. ಅದರ ಫೋಟೋ ದೇಶ ಪೂರ್ತಿ ಸುತ್ತಿತು. ಬೆಂಕಿಪೊಟ್ಟಣ ಬ್ಯಾಡ, ಒಂದು ಫಲಕ ಸಾಕಾತು ನೋಡಿ ಅವಳಿಗೆ.

ಬರೆದು ಕೊಟ್ಟ ದೂರಿಗೆ ಬೆಲೆ ಇಲ್ಲ ಅಂತೀರಾ? ಆ ಕಂಪನಿ ಮೇಲೆ 2023ರ ಸೆಪ್ಟೆಂಬರಿಂದ 2024ರ ಆಗಸ್ಟ್‌ವರೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರು ಹೋಗಿತ್ತು. ಅದನ್ನ ಇಟ್ಟುಕೊಂಡೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಕಂಪನಿಗೆ ಕಾರಣ ಕೇಳಿ ನೋಟಿಸ್ ಕೊಟ್ಟಿತು. ಹೆಚ್ಚು ಪಾಲು ದೂರು ಬಗೆಹರಿಸಿದೀವಿ ಅಂತ ಕಂಪನಿ ಹೇಳಿತು, ಅದಿರಲಿ. ಹತ್ತು ಸಾವಿರ ಜನ ಸುಮ್ನೆ ಮನೇಲಿ ಗೊಣಗಿಕೊಂಡು ಕೂತಿದ್ರೆ ನೋಟಿಸ್ ಎಲ್ಲಿಂದ ಬರ್ತಿತ್ತು? ಆ ಸಹಾಯವಾಣಿ ನಂಬರ್ 1915. ಕನ್ನಡದಲ್ಲೂ ಮಾತಾಡಬಹುದು.

"ಹೊರಗೆ ಮಾಡಿಸಿದ್ರೆ ವಾರಂಟಿ ಹೋಗ್ತದೆ" ಅಂತ ಇನ್ನೊಂದು ಗುಮ್ಮ ತೋರಿಸ್ತಾರೆ. ಕಾರಿನ ಕಂಪನಿಗಳು ಇದನ್ನೇ ಮಾಡ್ತಿದ್ವು. ಬಿಡಿಭಾಗ ಹೊರಗೆ ಸಿಗದಂಗೆ ಮಾಡಿದ್ದಕ್ಕೆ 2014ರ ಆಗಸ್ಟ್ 25ಕ್ಕೆ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿತು, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ಕಿತ್ತುಹಾಕಬಾರದು ಅಂತಲೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದ್ವು, ಅದು ಕಾರಿನ ಕೇಸು, ಬೈಕಿಂದಲ್ಲ. ಆದ್ರೂ ಗುಮ್ಮ ಎಲ್ಲಿಂದ ಬರ್ತದೆ ಅಂತ ಗೊತ್ತಿರಲಿ. ವಾರಂಟಿ ಪುಸ್ತಕದಲ್ಲಿ ಏನು ಬರೆದಿದೆ ಅಂತ ಒಂದು ಮಧ್ಯಾಹ್ನ ಕೂತು ಓದಿ. ನಮ್ಮೂರ ಮೆಕ್ಯಾನಿಕ್ಕನ್ನೂ ನಾನು ಬಿಡೋದಿಲ್ಲ. ಅವನು ಕೆಲಸಗಾರ, ಆದ್ರೆ ಬಿಲ್ಲು ಕೊಡಲ್ಲ. ಬಿಲ್ಲು ಕೊಡದೆ ಇರೋದೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ವ್ಯಾಪಾರವೇ. ಒಂದು ಚೀಟಿಯಲ್ಲಾದ್ರೂ ಬರೆದುಕೊಡು ಅಂತ ಹಠ ಹಿಡಿದಿದೀನಿ, ಈಗ ಬರೆದುಕೊಡ್ತಾನೆ.

1915ಕ್ಕೆ ಹೇಳಿಯೂ ಆಗಲಿಲ್ಲ ಅಂದ್ರೆ ಶಿವಮೊಗ್ಗದಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಐತೆ. ಕೊಟ್ಟ ದುಡ್ಡು ಐದು ಲಕ್ಷದ ಒಳಗಿದ್ರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರೇ ಬೇಕು ಅಂತಿಲ್ಲ, ನಾವೇ ಹೋಗಿ ಹೇಳಬಹುದು. ಎರಡು ವರ್ಷದ ಒಳಗೆ ಕೊಡಬೇಕು ಅಷ್ಟೆ. ಅಂಗನವಾಡಿ ಹುಡುಗಿ ಕಾಗದ ಬರೀತಿದಾಳೆ. ಸವೆದ ಶೂ, ಬಿಲ್ಲು, ಚಕ್ರ ಬಿಚ್ಚುವಾಗ ತೆಗೆದ ಫೋಟೋ, ಮೂರನ್ನೂ ಒಂದು ಚೀಲದಲ್ಲಿ ಕಟ್ಟಿ ನಮ್ಮ ಮನೆ ಅಟ್ಟದಲ್ಲೇ ಇಟ್ಟಿದೀನಿ, ಅವಳ ಮನೇಲಿ ಮಗು ಎಳೆದು ಹಾಕ್ತದೆ ಅಂತ. ಅವಳ ಗಂಡ "ಕೋರ್ಟು ಕಚೇರಿ ಯಾಕೆ, ಅವರ ಹತ್ರಾನೇ ಮತ್ತೆ ಹೋಗಬೇಕಲ್ಲ" ಅಂತಿದಾನೆ. ಮತ್ತೆ ಹೋಗಬೇಕು ಅನ್ನೋದಕ್ಕೇ ಕೇಳಬೇಕಾಗಿರೋದು ಮಾರಾಯ.

ನಮ್ಮ ಗಾಡಿಯ ಮುಂದಿನ ಸರ್ವಿಸ್ ಸಂಕ್ರಾಂತಿ ಕಳೆದ ಮೇಲೆ. ಜಾಬ್ ಕಾರ್ಡ್ ಅಂತ ಒಂದು ಹಾಳೆಗೆ ಸಹಿ ಮಾಡಿಸಿಕೊಳ್ತಾರಲ್ಲ, ಖಾಲಿ ಹಾಳೆಗೆ ಸಹಿ ಹಾಕಬ್ಯಾಡ ಅಂತ ಮಗನಿಗೆ ಹೇಳಿದೀನಿ. ಏನೇನು ಮಾಡ್ತಾರೆ, ಅಂದಾಜು ಎಷ್ಟು ಅಂತ ಅವರು ಬರೆದ ಮೇಲೆ, ಸಹಿ ಪಕ್ಕದಲ್ಲಿ ತನ್ನ ಕೈಯಲ್ಲೇ ಹಿಂಗೆ ಬರೀಬೇಕು: "ಇದಕ್ಕಿಂತ ಹೆಚ್ಚಿನ ಕೆಲಸ ಬಂದರೆ ಮೊದಲು ಫೋನ್ ಮಾಡಿ ಕೇಳಿ. ಪಾಲಿಶ್, ಫ್ಲಶ್ ಬೇಡ. ಹಳೇ ಬಿಡಿಭಾಗ, ಹೊಸದರ ಡಬ್ಬಿ ವಾಪಸ್ ಕೊಡಿ." ಆಮೇಲೆ ಅದರ ಫೋಟೋ. ಫೋನ್ ನಂಬರ್ ಮಾತ್ರ ಅವನದ್ದಲ್ಲ, ನಂದು ಕೊಡು ಅಂದಿದೀನಿ. ನಿಮ್ಮ ಮನೇಲೂ ಸೀಟಿನ ಅಡಿ ಮಡಚಿಟ್ಟ ಬಿಲ್ಲು ಇರ್ತಾವೆ, ತೆಗೆದು ನೋಡಿ. ಎಂಆರ್‌ಪಿ ಮೇಲೆ ತೆರಿಗೆ ಹಾಕಿದ್ದು ಕಂಡ್ರೆ ಫೋಟೋ ತೆಗೆದು ನಂಗೆ ಕಳಿಸಿ, ಲೆಕ್ಕ ನಾನು ಮಾಡಿಕೊಡ್ತೀನಿ.