ಶೋಕದ ತಕರಾರು

ಬನವಾಸಿಯ ಸೀಮೆಯಲ್ಲಿ ತಿರುಗಾಡಿದವರಿಗೆ ವೀರಗಲ್ಲುಗಳು ಅಪರಿಚಿತವಲ್ಲ. ಕೆರೆಯ ಏರಿಯ ಮೇಲೋ ತೋಟದ ಬೇಲಿಯ ಮಗ್ಗುಲಲ್ಲೋ ಅರ್ಧ ಹೂತು ನಿಂತಿರುವ ಈ ಶಿಲೆಗಳಲ್ಲಿ, ತುರುಗಳನ್ನು ಕಾಯಲು ಹೋಗಿ ಮಡಿದವನ ಹೋರಾಟವು ಕೆಳಗೂ, ಅಪ್ಸರೆಯರು ಅವನನ್ನು ಕರೆದೊಯ್ಯುವ ನೋಟವು ನಡುವೆಯೂ ಕೆತ್ತಲ್ಪಟ್ಟಿರುತ್ತವೆ; ಅಂಥ ಶಾಸನಗಳಲ್ಲಿ ಅಲ್ಲಲ್ಲಿ ‘ನೆತ್ತರುಗೊಡಗೆ’ ಎಂಬ ಮಾತೊಂದು ಬರುವುದುಂಟು. ಸತ್ತವನ ಮನೆಯವರಿಗೆ ಆಳುವವನು ಬಿಟ್ಟುಕೊಟ್ಟ ಭೂಮಿ ಅದು. ರಕ್ತ ಹರಿದ ಮನೆಗೆ ರಾಜ್ಯವು ಋಣಿ ಎಂಬ ಭಾವನೆ ನಮ್ಮ ನೆಲಕ್ಕೆ ಹೊಸತಲ್ಲವೆಂಬುದನ್ನು ನೆನಪಿಸುವುದಕ್ಕಾಗಿ ಇಷ್ಟನ್ನು ಹೇಳಿದೆ. ಆದರೆ ವೀರಗಲ್ಲು ವೀರನಿಗೆ ಮಾತ್ರ. ಮನೆಯೊಳಗೋ ಗದ್ದೆಯ ಬದುವಿನ ಮೇಲೋ ಕೊಲೆಗೀಡಾದವನಿಗೆ ಕಲ್ಲೂ ಇಲ್ಲ, ಕೊಡಗೆಯೂ ಇಲ್ಲ. ಅವನ ಮನೆಯವರಿಗೆ ಉಳಿಯುವುದು ಹಲವು ವರ್ಷಗಳ ತರುವಾಯ ಬರುವ ಒಂದು ಕಾಗದ.

ಜನ್ಮಾವಧಿ ಶಿಕ್ಷೆಗೊಳಗಾದವನು ಪೆರೋಲ್ ಕೋರಿದಾಗ ಅವನ ಅರ್ಜಿ ಕಾರಾಗೃಹದಿಂದ ಹೊರಟು, ಜಿಲ್ಲಾ ಪೊಲೀಸ್ ಕಚೇರಿಯನ್ನು ಹಾದು, ಊರಿನ ಠಾಣೆಗೆ ಇಳಿಯುತ್ತದೆ. ಅವನು ಬಂದರೆ ಶಾಂತಿಭಂಗವಾದೀತೆ ಎಂಬ ವಿಚಾರಣೆಗೆಂದು ಒಬ್ಬ ಪೇದೆ ಹಳ್ಳಿಗೆ ಬರುತ್ತಾನೆ. ನಮ್ಮ ಕಡೆಯ ಯಾವುದೇ ಮನೆಯೊಂದನ್ನು ಊಹಿಸಿಕೊಳ್ಳಿ. ಸುಗ್ಗಿಯ ಕಾಲ, ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಹೆಂಗಸೊಬ್ಬಳು ಅಡಿಕೆ ಸುಲಿಯುತ್ತಿದ್ದಾಳೆ. ಗಂಡನನ್ನು ಕೊಂದವನ ಮನೆ ಹಳ್ಳದ ಆಚೆಗೆ. ಎರಡೂ ಮನೆಗಳಿಗೆ ಕಾಲುಸಂಕ ಒಂದೇ. ಪೇದೆ ಚಾವಡಿಯಂಚಿನಲ್ಲಿ ಕುಳಿತು, ಕೊಟ್ಟ ನೀರು ಕುಡಿದು, ‘ತಕರಾರು ಏನಾದರೂ ಇದ್ದರೆ ಬರೆದು ಕೊಡಿ, ಅಮ್ಮ’ ಎನ್ನುತ್ತಾನೆ. ತೋಟದ ಗಡಿಗೂ ನೀರಿನ ಪಾಳಿಗೂ ನಾವು ಬಳಸುವ ಶಬ್ದವಿದು. ಆಕೆಯ ಇಡೀ ಬಾಳಿಗೆ ಸರಕಾರದ ಭಾಷೆಯಲ್ಲಿ ಬೇರೆ ಹೆಸರಿಲ್ಲ.

ಈ ತಕರಾರಿಗೆ ಎಷ್ಟು ಬೆಲೆ ಸಲ್ಲಬೇಕು? ಇದು ಭಾವುಕತೆಯಿಂದ ತೀರುವ ಪ್ರಶ್ನೆಯಲ್ಲ. ಪೆರೋಲ್ ಎಂಬುದು ಬಿಡುಗಡೆಯಲ್ಲ. ತಾಯಿಯ ಕಾಯಿಲೆಗೋ ಮನೆಯ ಮದುವೆಗೋ ಸಾಗುವಳಿಗೋ ಕೊಡುವ ಅವಧಿಬದ್ಧ ರಜೆ. 2023ರಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಕೊಲೆಯ ಅಪರಾಧಿಯೊಬ್ಬನಿಗೆ ಅವನದೇ ವಿವಾಹಕ್ಕಾಗಿ ಹದಿನೈದು ದಿನಗಳ ಪೆರೋಲ್ ನೀಡಿದ್ದುಂಟು. ಶಿಕ್ಷೆಯನ್ನೇ ಮೊಟಕುಗೊಳಿಸುವ ಮಾಫಿ ಬೇರೆಯದು. ಸೆರೆಯವರನ್ನು ಬಿಡುವ ಪದ್ಧತಿಯೇನೋ ಬಹು ಪ್ರಾಚೀನ: ರಾಜನ ಜನ್ಮನಕ್ಷತ್ರದ ದಿನದಲ್ಲಿಯೂ ಪೌರ್ಣಮಿಯಲ್ಲಿಯೂ ಬಾಲರನ್ನು, ವೃದ್ಧರನ್ನು, ರೋಗಿಗಳನ್ನು, ಅನಾಥರನ್ನು ಬಂಧನದಿಂದ ಬಿಡಬೇಕೆಂದು ಕೌಟಿಲ್ಯನು ವಿಧಿಸಿರುವನು; ಅಶೋಕನು ಪಟ್ಟಾಭಿಷೇಕದ ಇಪ್ಪತ್ತಾರು ವರ್ಷಗಳಲ್ಲಿ ಇಪ್ಪತ್ತೈದು ಬಾರಿ ಕೈದಿಗಳನ್ನು ಬಿಟ್ಟೆನೆಂದು ಸ್ತಂಭದ ಮೇಲೆ ಬರೆಯಿಸಿದನು. ವಧ್ಯರಿಗೆ ಮೂರು ದಿನಗಳ ಬಿಡುವನ್ನಿತ್ತು, ಅವರ ಬಂಧುಗಳು ಪ್ರಾಣಭಿಕ್ಷೆ ಬೇಡಲು ಅವಕಾಶ ಕಲ್ಪಿಸಿದವನೂ ಅವನೆ. ಆದರೆ ಅಲ್ಲಿ ಮಾತಾಡುವವರು ವಧ್ಯನ ಬಂಧುಗಳು. ಹತನ ಬಂಧುಗಳ ಮಾತು ಆ ಶಿಲೆಯ ಮೇಲಿಲ್ಲ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಯನ್ನು ನಿಷ್ಠುರವಾಗಿ ಮುಂದಿಡುವುದು ಬೆಂಗಳೂರಿನಲ್ಲಿ ಕೊಲೆಯಾದ ಶಾಕೆರೆ ಎಂಬ ಹೆಂಗಸಿನ ಪ್ರಕರಣ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳಾದ ಆಕೆ, ಮೊದಲ ವಿವಾಹವು ಮುರಿದ ತರುವಾಯ, ಸ್ವಾಮಿ ಶ್ರದ್ಧಾನಂದನೆಂದು ಕರೆದುಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರನನ್ನು 1986ರಲ್ಲಿ ವರಿಸಿದಳು, 1991ರಲ್ಲಿ ಕಾಣೆಯಾದಳು. ತಾಯಿಯನ್ನು ಹುಡುಕಿ ಬಂದ ಮಗಳಿಗೆ ಆತನು ಒಮ್ಮೆ ಆ ಊರೆಂದೂ ಒಮ್ಮೆ ಈ ದೇಶವೆಂದೂ ಹೇಳುತ್ತ ಬಂದನು; ಅಮೆರಿಕದ ಒಂದು ಆಸ್ಪತ್ರೆಯ ಹೆಸರನ್ನೂ ಹೇಳಿದನು, ಅಲ್ಲಿ ವಿಚಾರಿಸಿದರೆ ಅಂಥವರು ಯಾರೂ ದಾಖಲಾಗಿರಲಿಲ್ಲ. 1992ರಲ್ಲಿ ಆ ಮಗಳು ಅಶೋಕನಗರ ಠಾಣೆಗೆ ದೂರಿತ್ತಳು. 1994ರಲ್ಲಿ ರಿಚ್ಮಂಡ್ ರಸ್ತೆಯ ಮನೆಯ ಅಂಗಳವನ್ನು ಅಗೆದಾಗ, ಮರದ ಪೆಟ್ಟಿಗೆಯೊಳಗೆ ಶಾಕೆರೆಯ ಅಸ್ಥಿಪಂಜರವಿತ್ತು. ವಿಚಾರಣಾ ನ್ಯಾಯಾಲಯವು 2005ರಲ್ಲಿ ಮರಣದಂಡನೆ ವಿಧಿಸಿ, ಉಚ್ಚ ನ್ಯಾಯಾಲಯವು ಎತ್ತಿಹಿಡಿದು, 2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರು ಶಿಕ್ಷೆಯ ವಿಷಯದಲ್ಲಿ ಭಿನ್ನರಾದ ಮೇಲೆ, 2008ರ ಜುಲೈ 22ರಂದು ತ್ರಿಸದಸ್ಯ ಪೀಠವು ಗಲ್ಲನ್ನು ತಪ್ಪಿಸಿ, ಉಸಿರಿರುವವರೆಗೂ ಮಾಫಿಯಿಲ್ಲದ ಸೆರೆಯನ್ನು ವಿಧಿಸಿತು. ಹದಿನಾಲ್ಕು ವರ್ಷಕ್ಕೆ ಮುಗಿಯಬಹುದಾದ ಜನ್ಮಾವಧಿಗೂ ಗಲ್ಲಿಗೂ ನಡುವೆ ನಮ್ಮ ದೇಶದಲ್ಲಿ ಒಂದು ಹೊಸ ಶಿಕ್ಷೆ ಹುಟ್ಟಿದ್ದು ಹೀಗೆ. ಸಂವಿಧಾನ ಪೀಠವು ಅದನ್ನು 2015ರಲ್ಲಿ ಸಮರ್ಥಿಸಿತು. ಎಂಬತ್ತು ದಾಟಿದ ಆತನು ಬಿಡುಗಡೆ ಕೋರಿ ಮತ್ತೆ ಅದೇ ನ್ಯಾಯಾಲಯಕ್ಕೆ ಹೋದಾಗ, ಒಂದು ದಿನದ ಪೆರೋಲೂ ತನಗೆ ದೊರೆತಿಲ್ಲವೆಂಬುದು ಅವನ ಪರವಾದ ವಾದಗಳಲ್ಲೊಂದಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೈದಿಯು ‘ಸನ್ನಡತೆಯವನು’ ಎಂಬ ಪ್ರಮಾಣಪತ್ರವನ್ನು ಕೊಡುವವರು ಕಾರಾಗೃಹದ ಅಧಿಕಾರಿಗಳು. ಅವರು ಕಂಡದ್ದು ಗೋಡೆಯೊಳಗಿನ ಮನುಷ್ಯನನ್ನು. ಆದರೆ ನಯವಾದ ಮಾತು ಏನನ್ನೆಲ್ಲ ಮುಚ್ಚಬಲ್ಲುದೆಂಬುದನ್ನು, ತಾಯಿ ಮಲಗಿದ್ದ ನೆಲವನ್ನು ತುಳಿಯುತ್ತಿದ್ದವನ ಬಾಯಿಂದ ಆಕೆಯ ಕುಶಲವಾರ್ತೆಯನ್ನು ಕೇಳಿದ ಮಗಳಿಗಿಂತ ಚೆನ್ನಾಗಿ ಬಲ್ಲವರಾರು? ಶೋಕಿಸುವವರ ಮಾತನ್ನು ನಾವು ಕಣ್ಣೀರೆಂದು ಗೌರವಿಸಿ ಬದಿಗಿಡುತ್ತೇವೆ. ಅದು ಸಾಕ್ಷ್ಯವೆಂಬುದು ನಮಗೆ ತೋರುವುದಿಲ್ಲ. ನನ್ನ ವಾದವಿಷ್ಟೆ: ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಬೇಕು, ತೀರ್ಪಾಗಿ ಸ್ವೀಕರಿಸಕೂಡದು.

ತೀರ್ಪಾಗಿ ಏಕೆ ಕೂಡದು? ಜೆಸ್ಸಿಕಾ ಲಾಲ್‌ಳ ಸಹೋದರಿ 2018ರಲ್ಲಿ, ಜೆಸ್ಸಿಕಾಳನ್ನು ಕೊಂದವನ ಬಿಡುಗಡೆಗೆ ತನ್ನ ಆಕ್ಷೇಪವಿಲ್ಲವೆಂದು ಬರೆದುಕೊಟ್ಟಳು. ಅಪರಾಧಿ 2020ರಲ್ಲಿ ಬಿಡುಗಡೆ ಹೊಂದಿದನು. ಪತಿಯನ್ನೂ ಇಬ್ಬರು ಪುತ್ರರನ್ನೂ 1999ರಲ್ಲಿ ಒಡಿಶಾದ ಮನೋಹರಪುರದಲ್ಲಿ ಬೆಂಕಿಗೆ ಕಳೆದುಕೊಂಡ ಗ್ಲಾಡಿಸ್ ಸ್ಟೇನ್ಸ್ ಕ್ಷಮಿಸಿದೆನೆಂದಳು. ಇಂಥ ಕ್ಷಮೆಗೆ ತಲೆಬಾಗೋಣ. ಆದರೆ ಕ್ಷಮಿಸುವವರ ಪತ್ರವು ಬಾಗಿಲನ್ನು ತೆರೆಯುವುದಾದರೆ, ಕ್ಷಮಿಸದವರ ಪತ್ರವು ಮುಚ್ಚಬೇಕಾಗುತ್ತದೆ. ಒಂದೇ ಅಪರಾಧಕ್ಕೆ ಇಬ್ಬರು ಹತರ ಬಂಧುಗಳ ಸ್ವಭಾವಭೇದದಿಂದ ಎರಡು ಶಿಕ್ಷೆಗಳಾಗುತ್ತವೆ. ಹಿಂದುಮುಂದಿಲ್ಲದ ಭಿಕಾರಿಯನ್ನು ಕೊಂದವನಂತೂ ಎಲ್ಲರಿಗಿಂತ ಮೊದಲು ಹೊರಬರುತ್ತಾನೆ, ತಕರಾರು ಹೇಳುವವರಾರೂ ಇಲ್ಲವಾದ್ದರಿಂದ. ಅದಕ್ಕಿಂತಲೂ ದೊಡ್ಡ ಕೇಡು ಬೇರೊಂದಿದೆ. ನಿರ್ಣಯವನ್ನು ಅಡಿಕೆ ಸುಲಿಯುವ ಆ ಹೆಂಗಸಿನ ಸಹಿಗೆ ಬಿಟ್ಟರೆ, ಅರ್ಜಿ ಬಂದಾಗಲೆಲ್ಲ ಆಕೆ ಹಳೆಯ ಗಾಯವನ್ನು ತೆರೆದು ತೋರಿಸಬೇಕು, ಹಳ್ಳದಾಚೆಯ ಮನೆಯವರ ವೈರವನ್ನು ಮತ್ತೆ ಮತ್ತೆ ಕಟ್ಟಿಕೊಳ್ಳಬೇಕು. ಕೈದಿಯ ಕಾವಲು ಅವಳ ಕೊರಳಿಗೆ ಬೀಳುತ್ತದೆ. ಮಾಫಿಯಿಲ್ಲದ ಶಿಕ್ಷೆಯು ಎಷ್ಟೇ ಕಠೋರವೆನಿಸಿದರೂ, ಬಂಧುಗಳನ್ನು ಈ ಕಾವಲಿನಿಂದ ಬಿಡಿಸುವ ಒಂದು ಗುಣ ಅದರಲ್ಲಿದೆಯೆಂದು ನಾನು ಒಪ್ಪುತ್ತೇನೆ. ಆದರೂ, ಮನುಷ್ಯನೊಬ್ಬನ ಕುರಿತು ಇನ್ನೆಂದಿಗೂ ಮರುಯೋಚನೆಯಿಲ್ಲವೆಂದು ಮುಂಚಿತವಾಗಿ ಹೇಳಿಬಿಡುವುದಕ್ಕೆ ನನ್ನ ಮನಸ್ಸು ಪೂರ್ತಿ ಒಗ್ಗಿಲ್ಲ.

ಕೇಳದೆ ಇರುವುದಂತೂ ಅಕ್ಷಮ್ಯ. 2022ರ ಆಗಸ್ಟ್ 15ರಂದು ಬಿಲ್ಕಿಸ್ ಬಾನು ಪ್ರಕರಣದ ಹನ್ನೊಂದು ಅಪರಾಧಿಗಳನ್ನು ಗುಜರಾತ್ ಸರಕಾರವು ಬಿಟ್ಟಾಗ, ಮೂರು ವರ್ಷದ ಮಗಳನ್ನು ಕಳೆದುಕೊಂಡಿದ್ದ ಆ ತಾಯಿಯ ಕ್ಷೇಮವನ್ನು ಯಾರೂ ವಿಚಾರಿಸಿರಲಿಲ್ಲ. 2024ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯವು, ಆ ಸರಕಾರಕ್ಕೆ ಅಧಿಕಾರವೇ ಇರಲಿಲ್ಲವೆಂದು ಮಾಫಿಯನ್ನು ರದ್ದುಗೊಳಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೆಯ ಕಲಮು, ಮೊಕದ್ದಮೆಯನ್ನು ಹಿಂತೆಗೆದುಕೊಳ್ಳುವ ಮುನ್ನ ಸಂತ್ರಸ್ತರ ಮಾತನ್ನು ಕೇಳಲೇಬೇಕೆನ್ನುತ್ತದೆ. ಶಿಕ್ಷೆಯನ್ನು ಮಾಫಿ ಮಾಡುವ 473ನೆಯ ಕಲಮಿನಲ್ಲಿ ತೀರ್ಪಿತ್ತ ನ್ಯಾಯಾಧೀಶರ ಅಭಿಪ್ರಾಯದ ಪ್ರಸ್ತಾಪವುಂಟು, ಸಂತ್ರಸ್ತರ ಹೆಸರಿಲ್ಲ. ಆರಂಭದಲ್ಲಿ ಕೇಳತಕ್ಕ ಮಾತು ಅಂತ್ಯದಲ್ಲಿ ಬೇಡವಾದೀತೆ?

ಆದಕಾರಣ ಸರಕಾರವನ್ನು ಕೇಳಿಕೊಳ್ಳುವುದು ಇಷ್ಟು. ಪೇದೆಯು ಆ ಅಂಗಳಕ್ಕೆ ಒಮ್ಮೆ ಹೋಗಲಿ, ಆಕೆ ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದುಕೊಳ್ಳಲಿ. ನಿರ್ಣಯದ ಭಾರವನ್ನು ಅಧಿಕಾರವುಳ್ಳವರೇ ಹೊತ್ತು, ಆಕೆಯ ಭಯಕ್ಕೆ ಏನು ಉತ್ತರವೆಂಬುದನ್ನು ಆದೇಶದಲ್ಲಿ ಕಾರಣಸಹಿತ ಬರೆಯಲಿ. ಬಿಡುವುದೇ ನಿಶ್ಚಯವಾದರೆ ಆ ಆದೇಶದ ಒಂದು ಪ್ರತಿ, ಅವನು ಕುಳಿತ ಬಸ್ಸು ಶಿರಸಿಯನ್ನು ಮುಟ್ಟುವ ಮೊದಲೇ, ಕಾಲುಸಂಕದ ಈಚೆಯ ಮನೆಯನ್ನು ತಲುಪಲಿ.