ಗಂಗಾಳದಿಂದ ನಾರು ಎದ್ದು ಹೋದ ಬಗೆ

ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿ ಮಗ್ಗದ ಊರು. ನೇಕಾರರ ಓಣಿ ದಾಟಿದರೆ ಹೊಲ. ಕೂತು ದುಡಿಯುವವರೂ ಬಗ್ಗಿ ದುಡಿಯುವವರೂ ಒಂದೇ ಗಿರಣಿಯಲ್ಲಿ ಜೋಳ ಬೀಸಿಕೊಂಡು ಬಾಳಿದ ಇಂಥ ಊರುಗಳಲ್ಲಿ ಬೊಜ್ಜಿನ ಮಾತು ತೆಗೆದರೆ ಜನ ನಗುತ್ತಾರೆ. ಅದು ಬೆಂಗಳೂರಿನಲ್ಲಿ ಕುರ್ಚಿ ಬಿಟ್ಟು ಏಳದವರಿಗೆ ಬರುವ ಕಾಯಿಲೆ, ರೊಟ್ಟಿ ತಿನ್ನುವವರಿಗೆ ಎಲ್ಲಿಯ ಬೊಜ್ಜು ಎಂಬುದು ಅವರ ನಂಬಿಕೆ.

ಅಂಕಿಗಳು ಈ ನಂಬಿಕೆಗೆ ಒಪ್ಪುವುದಿಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಅತಿತೂಕ ಅಥವಾ ಬೊಜ್ಜು ಇದ್ದವರು ಶೇ 23.3. 2019-21ರ ಸಮೀಕ್ಷೆಯ ಹೊತ್ತಿಗೆ ಅದು ಶೇ 30.1ಕ್ಕೆ ಏರಿತು. ಗಂಡಸರಲ್ಲಿ ಶೇ 22.1 ಇದ್ದದ್ದು ಶೇ 30.9 ಆಯಿತು. ನಾಲ್ಕೈದು ವರ್ಷಗಳಲ್ಲಿ ಆದ ಏರಿಕೆ ಇದು. ಅದೇ ಸಮೀಕ್ಷೆಯಲ್ಲಿ ಇರಬೇಕಾದ್ದಕ್ಕಿಂತ ಕಡಿಮೆ ತೂಕವಿರುವ ಮಹಿಳೆಯರು ಇನ್ನೂ ಶೇ 17.2 ಇದ್ದರು. ಬೊಜ್ಜೂ ಬಡಕಲುತನವೂ ಒಂದೇ ಓಣಿಯಲ್ಲಿ ಅಕ್ಕಪಕ್ಕ ವಾಸವಾಗಿವೆ.

ಹಳ್ಳಿಯ ಬೊಜ್ಜು ಕಣ್ಣಿಗೆ ಬೇಗ ಬೀಳದಿರುವುದಕ್ಕೆ ಕಾರಣವಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಬಹಳ ವರ್ಷಗಳಿಂದ ತೋರಿಸುತ್ತ ಬಂದಿರುವಂತೆ, ಭಾರತೀಯರ ಮೈಯಲ್ಲಿ ಕೈಕಾಲು ಸಣಕಲಾಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಅದಕ್ಕೇ ನಮ್ಮ ವೈದ್ಯರು ತಕ್ಕಡಿಗಿಂತ ಟೇಪನ್ನು ಹೆಚ್ಚು ನಂಬುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಎಚ್ಚರ ಅಗತ್ಯ. ಧೋತರ ಮತ್ತು ಸೀರೆ ಆ ಅಳತೆಯನ್ನು ಚೆನ್ನಾಗಿಯೇ ಮುಚ್ಚಿಡುತ್ತವೆ.

ಹೊಟ್ಟೆ ಬೆಳೆಯಲು ಕಾರಣ ಒಂದೇ ಅಲ್ಲ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿದೆ, ಹೊಲಕ್ಕೆ ನಡೆದು ಹೋಗುವವರು ಕಡಿಮೆಯಾಗಿದ್ದಾರೆ, ಎಣ್ಣೆಯ ಬಳಕೆ ಹೆಚ್ಚಿದೆ. ಆದರೆ ಗಂಗಾಳದಿಂದ ಸದ್ದಿಲ್ಲದೆ ಎದ್ದು ಹೋದ ಒಂದು ವಸ್ತುವಿನ ಬಗ್ಗೆ ಮಾತು ಕಡಿಮೆ. ಅದು ನಾರು.

ನಮ್ಮ ಕರುಳಿನ ರಸಗಳು ಅರಗಿಸಲಾರದ ಕಾಳುಕಡಿಯ, ಸೊಪ್ಪಿನ, ಹಣ್ಣಿನ ಭಾಗವೇ ನಾರು. ಅರಗದ ವಸ್ತುವಿಗೆ ಬೆಲೆ ಏನು ಎಂದು ವೈದ್ಯಲೋಕ ಬಹಳ ಕಾಲ ಅದನ್ನು ಕಡೆಗಣಿಸಿತ್ತು. ಉಗಾಂಡಾದಲ್ಲಿ ಕೆಲಸ ಮಾಡಿದ್ದ ಐರ್ಲೆಂಡ್ ಮೂಲದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ 1970ರ ದಶಕದಲ್ಲಿ ಮರ್ಯಾದಸ್ಥರು ಮಾತಾಡದ ವಿಷಯವೊಂದನ್ನು ಎತ್ತಿಕೊಂಡರು. ಅವರೂ ಸಂಗಡಿಗರೂ ಆಫ್ರಿಕದ ಹಳ್ಳಿಗರ ಮತ್ತು ಇಂಗ್ಲೆಂಡಿನವರ ಮಲವನ್ನು ತೂಗಿ, ಉಂಡದ್ದು ಹೊರಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರು. ಹಳ್ಳಿಗರದು ತೂಕವೂ ಹೆಚ್ಚು, ವೇಗವೂ ಹೆಚ್ಚು. ಬರ್ಕಿಟ್ ಅವರ ಎಲ್ಲ ಊಹೆಗಳೂ ನಿಜವಾಗಲಿಲ್ಲ. ಆದರೂ ಅವರು ಹಿಡಿದ ದಾರಿ ಸರಿಯಿತ್ತು. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಹೆಚ್ಚು ನಾರು ತಿನ್ನುವವರಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಸಾವಿನ ಪ್ರಮಾಣ, ಕಡಿಮೆ ನಾರು ತಿನ್ನುವವರಿಗಿಂತ ಶೇ 15ರಿಂದ 30ರಷ್ಟು ಕಡಿಮೆ. ದಿನಕ್ಕೆ 25ರಿಂದ 29 ಗ್ರಾಂ ತಿಂದವರಲ್ಲಿ ಲಾಭ ಎದ್ದು ಕಂಡಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಎಂದು ಹೇಳಿತು.

ಈ 25 ಗ್ರಾಂ ಎಂಬುದನ್ನು ನಮ್ಮ ಅಡುಗೆಮನೆಯಲ್ಲಿಟ್ಟು ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ, ಮೈದಾದಲ್ಲೂ ಅಷ್ಟೇ. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಎಂದು ಹಿಡಿದರೆ ಮೂರು ರೊಟ್ಟಿಯಲ್ಲೇ 18 ಗ್ರಾಂ ನಾರು ಬಂತು. ಜೊತೆಗೆ 30 ಗ್ರಾಂ ಹೆಸರುಕಾಳಿನ ಪಲ್ಯ ಇದ್ದರೆ ಇನ್ನೈದು. ಮೇಲೆ ಹಕ್ಕರಿಕೆಯೋ ಮೆಂತ್ಯವೋ ಹಸಿಯಾಗಿ ಬಿದ್ದು, ಒಂದು ಉಳ್ಳಾಗಡ್ಡಿ, ಒಂದು ಚಮಚ ಅಗಸಿ ಹಿಂಡಿ ಸೇರಿದರೆ ದಿನದ ಲೆಕ್ಕ ಒಂದೇ ಊಟದಲ್ಲಿ ಮುಗಿಯುತ್ತದೆ. ಅಷ್ಟೇ ತೂಕದ ಅಕ್ಕಿಯ ಅನ್ನ, ಮೇಲೆ 20 ಗ್ರಾಂ ತೊಗರಿಬೇಳೆಯ ತಿಳಿ ಸಾರು ಎಂದರೆ ಸಿಗುವುದು ಏಳು ಗ್ರಾಂ. ಹೊಟ್ಟೆ ಎರಡರಲ್ಲೂ ತುಂಬುತ್ತದೆ. ಒಂದು ಸಂಜೆಯವರೆಗೆ ತಡೆಯುತ್ತದೆ, ಇನ್ನೊಂದು ನಾಲ್ಕು ಗಂಟೆಗೆ ಚಾ ಅಂಗಡಿಗೆ ಕಳಿಸುತ್ತದೆ. ನಾರು ಅನ್ನಾಶಯವನ್ನು ನಿಧಾನ ಖಾಲಿ ಮಾಡುತ್ತದೆ. ಅರಗದೆ ದೊಡ್ಡ ಕರುಳಿಗೆ ಇಳಿದದ್ದನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸುತ್ತವೆ. ಆಗ ಹುಟ್ಟುವ ಕೊಬ್ಬಿನಾಮ್ಲಗಳು ಸಾಕು ಎಂಬ ಸಂದೇಶವನ್ನು ಮಿದುಳಿಗೆ ಮುಟ್ಟಿಸುವ ಹಾರ್ಮೋನುಗಳನ್ನು ಎಬ್ಬಿಸುತ್ತವೆ.

ಇಷ್ಟೆಲ್ಲ ಗೊತ್ತಿದ್ದೂ ರೊಟ್ಟಿ ಯಾಕೆ ಹಿಂದೆ ಸರಿಯಿತು? ಈಗಿನವರ ನಾಲಿಗೆ ಕೆಟ್ಟಿದೆ, ಹೆಣ್ಣುಮಕ್ಕಳಿಗೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬ ಉತ್ತರ ಕಟ್ಟೆಯ ಮೇಲೆ ಸಿದ್ಧವಾಗಿಯೇ ಇರುತ್ತದೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಒಂದು ರೊಟ್ಟಿಯನ್ನೂ ಬಡಿದವರಲ್ಲ.

ರೊಟ್ಟಿಯ ಕೆಲಸ ಎಂಥದ್ದೆಂದು ಹತ್ತಿರದಿಂದ ನೋಡಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಹಿಡಿದಿಡುವ ಅಂಟಿಲ್ಲ. ಕುದಿಯುವ ಎಸರು ಹೊಯ್ದು, ಸುಡುವ ಹಿಟ್ಟನ್ನೇ ಅಂಗೈಯಲ್ಲಿ ಒತ್ತಿ ಒತ್ತಿ ನಾದಬೇಕು. ಹಿಟ್ಟು ಹಳತಾದರೆ ಜಿಗಿ ಹೋಗಿ, ಬಡಿಯುತ್ತಿದ್ದಂತೆ ಅಂಚು ಹರಿಯುತ್ತದೆ. ಆದ್ದರಿಂದ ತಿಂಗಳ ಹಿಟ್ಟು ಒಮ್ಮೆಗೇ ಬೀಸಿಡುವಂತಿಲ್ಲ, ನಾಲ್ಕೆಂಟು ದಿನಕ್ಕೊಮ್ಮೆ ಗಿರಣಿಗೆ ಹೋಗಬೇಕು. ಬಡಿದ ರೊಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ, ಉಬ್ಬಿಸಿ ತೆಗೆಯುವಷ್ಟರಲ್ಲಿ ಮುಂದಿನದು ಪರಾತದಲ್ಲಿ ತಯಾರಿರಬೇಕು. ಐದಾರು ಜನರ ಮನೆಯಲ್ಲಿ ಇದು ದಿನಾ ಒಲೆಯ ಮುಂದೆ ಗಂಟೆಗಟ್ಟಲೆ ನಡೆಯುವ ದುಡಿಮೆ. ಬೆಳಿಗ್ಗೆ ಕೂಲಿಗೆ ಹೋಗುವ, ಮಗ್ಗಕ್ಕೆ ಕಂಡಿಕೆ ಸುತ್ತುವ, ಅಂಗನವಾಡಿಗೆ ಓಡುವ ಹೆಣ್ಣುಮಗಳು ಕುಕ್ಕರಿಗೆ ಅಕ್ಕಿ ಹಾಕಿ ಮೂರು ಸೀಟಿಗೆ ಕೆಲಸ ಮುಗಿಸಿದರೆ ಅದನ್ನು ಸೋಮಾರಿತನ ಎನ್ನಲು ನಾಲಿಗೆ ಏಳಬಾರದು. ಅವಳ ಲೆಕ್ಕ ಸರಿಯಾಗಿಯೇ ಇದೆ.

ಆ ಲೆಕ್ಕವನ್ನು ಇನ್ನಷ್ಟು ಸುಲಭ ಮಾಡಿದ್ದು ಪಡಿತರ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಅಕ್ಕಿ ಕೆಜಿಗೆ ಒಂದು ರೂಪಾಯಿ, ಮುಂದೆ ಅದೂ ಇಲ್ಲದೆ ಪುಕ್ಕಟೆ. ಹಸಿವಿನ ಮೇಲೆ ಅನ್ನಭಾಗ್ಯ ಗೆದ್ದದ್ದನ್ನು ಯಾರೂ ಅಲ್ಲಗಳೆಯಲಾಗದು. ಹೊಟ್ಟೆ ತುಂಬಿದವರು ಅದನ್ನು ಲೇವಡಿ ಮಾಡುವುದು ಸಣ್ಣತನ. ಆದರೆ ಹಬ್ಬಕ್ಕೆ, ಬೀಗರು ಬಂದಾಗ ಅನ್ನ ಮಾಡುತ್ತಿದ್ದ ಸೀಮೆಯಲ್ಲಿ ಅಕ್ಕಿ ದಿನದ ಊಟವಾದದ್ದೂ ಇದೇ ದಾರಿಯಲ್ಲಿ. ಉತ್ತರ ಕರ್ನಾಟಕಕ್ಕೆ ಜೋಳ, ದಕ್ಷಿಣಕ್ಕೆ ರಾಗಿ ಕೊಡುವ ಮಾತು ಹೊಸದಲ್ಲ, ಕೆಲವು ಕಡೆ ಕೊಟ್ಟದ್ದೂ ಉಂಟು. ದಾಸ್ತಾನು ಇದ್ದಾಗ ಜೋಳ, ಇಲ್ಲದಾಗ ಅಕ್ಕಿ ಎಂಬುದು ನಡೆದುಬಂದ ಪದ್ಧತಿ.

ದಾಸ್ತಾನು ಬರಬೇಕಾದ್ದು ಹೊಲದಿಂದ. 1960ರ ದಶಕದ ಶುರುವಿನಲ್ಲಿ ದೇಶದಲ್ಲಿ ಸುಮಾರು 1.8 ಕೋಟಿ ಹೆಕ್ಟೇರಿನಲ್ಲಿದ್ದ ಜೋಳ ಈಗ 40 ಲಕ್ಷದ ಆಸುಪಾಸಿಗೆ ಇಳಿದಿದೆ. ಇದಕ್ಕೂ ಎತ್ತಿಗೂ ನಂಟಿದೆ. ಜೋಳ ಬೆಳೆದರೆ ಕಾಳಿನ ಜೊತೆ ಮೇವಿಗೆ ಕಣಿಕೆ ಸಿಗುತ್ತಿತ್ತು. ಮನೆಯಲ್ಲಿ ಜೋಡೆತ್ತು ಇದ್ದವನಿಗೆ ಅದೇ ಅರ್ಧ ಆದಾಯ. ಎತ್ತು ಹೋದ ಮನೆಯಲ್ಲಿ ಕಣಿಕೆಯ ಅಗತ್ಯವೂ ಹೋಯಿತು, ಉಳಿದದ್ದು ಹಕ್ಕಿ ಕಾಯುವ, ಆಳು ಹಚ್ಚಿ ಕೊಯ್ಯುವ ರಗಳೆ. ರೈತ ಹಿಂಗಾರಿಗೆ ಕಡಲೆ ಹಾಕಿದ, ಮುಂಗಾರಿಗೆ ಗೋವಿನಜೋಳ ಹಾಕಿದ. 2025ರ ನವೆಂಬರಿನಲ್ಲಿ ಲಕ್ಷ್ಮೇಶ್ವರದಲ್ಲಿ ರೈತರು ದಿನಗಟ್ಟಲೆ ಧರಣಿ ಕೂತದ್ದು ಗೋವಿನಜೋಳಕ್ಕೆ ಖರೀದಿ ಕೇಂದ್ರ ಕೇಳಿ. ಆ ಬೆಳೆಯಲ್ಲಿ ದೊಡ್ಡ ಪಾಲು ಕೋಳಿಗಳ ಆಹಾರಕ್ಕೆ, ಎಥೆನಾಲ್ ಕಾರ್ಖಾನೆಗಳಿಗೆ ಹೋಗುತ್ತದೆ. ಕೋಳಿ ಉಣ್ಣುವ ಜೋಳವನ್ನು ಊರು ಬೆಳೆಯುತ್ತಿದೆ, ಊರು ಉಣ್ಣುವ ಅಕ್ಕಿ ಲಾರಿಯಲ್ಲಿ ಬರುತ್ತಿದೆ.

ಇನ್ನು ಕಿರಾಣಿ ಅಂಗಡಿಯ ಮುಂದೆ ತೋರಣದಂತೆ ತೂಗುವ ಐದು ರೂಪಾಯಿ ಪಾಕೀಟುಗಳು. 2022-23ರ ಕೇಂದ್ರ ಸರ್ಕಾರದ ಗೃಹ ಬಳಕೆ ವೆಚ್ಚ ಸಮೀಕ್ಷೆಯಂತೆ ಗ್ರಾಮೀಣ ಭಾರತದ ಮನೆಗಳು ತಮ್ಮ ಖರ್ಚಿನಲ್ಲಿ ಕಾಳುಧಾನ್ಯಕ್ಕೆ ಕೊಟ್ಟದ್ದು ಶೇ 4.91. ಪಾನೀಯ, ತಿಂಡಿ, ಸಂಸ್ಕರಿತ ಆಹಾರಕ್ಕೆ ಶೇ 9.62. ಧಾನ್ಯಕ್ಕಿಂತ ಇವುಗಳಿಗೆ ಸುಮಾರು ಎರಡು ಪಟ್ಟು! ಧಾನ್ಯ ಅಗ್ಗಕ್ಕೋ ಪುಕ್ಕಟೆಯೋ ಸಿಗುವುದರಿಂದ ಹೀಗೆ ಕಾಣುತ್ತದೆ ಎಂಬುದು ನಿಜ. ಉಳಿದ ದುಡ್ಡು ಎಲ್ಲಿಗೆ ಹೋಯಿತು ಎಂಬುದೂ ಅಷ್ಟೇ ನಿಜ.

ಹಾಗಿದ್ದರೆ ಬಿಸ್ಕಿಟಿಗೇ ನಾರು ಬೆರೆಸಿದರಾಯಿತಲ್ಲ ಎಂದು ಕಂಪನಿಗಳು ಹೇಳುತ್ತವೆ, ಬೆರೆಸುತ್ತಲೂ ಇವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಒಳ್ಳೆಯ ಉತ್ತರ. 20 ಜನರಿಗೆ ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಮನೆಯಡುಗೆಯಂಥ ಆಹಾರ, ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯ. ಬಡಿಸಿದ ಊಟದಲ್ಲಿ ಸಕ್ಕರೆ, ಕೊಬ್ಬು, ನಾರು ಎರಡೂ ಕಡೆ ಸಮ ಇರಬೇಕೆಂದು ಅತಿಸಂಸ್ಕರಿತ ಊಟದ ಪಾನೀಯಗಳಿಗೆ ನಾರಿನ ಪುಡಿ ಬೆರೆಸಿದ್ದರು. ಆದರೂ ಆ ಊಟ ಸಿಕ್ಕಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರಗಳಲ್ಲಿ ಒಂದು ಕೆಜಿಯ ಹತ್ತಿರ ದಪ್ಪಗಾದರು. ಕಾಳಿನೊಳಗೆ, ಹಿಟ್ಟಿನೊಳಗೆ ಇದ್ದು ಅಗಿಯುವ ಕೆಲಸ ಕೊಡುವ ನಾರಿನ ಕೆಲಸವನ್ನು ಪುಡಿ ಮಾಡಲಿಲ್ಲ.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಮೇಳಗಳು ನಡೆದವು, ನವಣೆ ಬಿಸಿಬೇಳೆಬಾತಿನ ಫೋಟೊಗಳು ಬಂದವು. ನವಣೆ, ಸಾಮೆಯಂಥ ಕಿರುಧಾನ್ಯ ಬೆಳೆಯುವವರಿಗೆ ರಾಜ್ಯ ಸರ್ಕಾರದ ರೈತಸಿರಿ ಯೋಜನೆ ಹೆಕ್ಟೇರಿಗೆ 10 ಸಾವಿರ ರೂಪಾಯಿ ಕೊಟ್ಟದ್ದು ಒಳ್ಳೆಯದೇ. ಆದರೆ ನಗರದ ಅಂಗಡಿಗೆ ಹೋಗುವ ಸಿರಿಧಾನ್ಯವನ್ನು ಅಕ್ಕಿಯಂತೆ ಬೆಳ್ಳಗೆ ಕಾಣಿಸಲು ಪಾಲಿಶ್ ಮಾಡುತ್ತಾರೆ. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್‌ನ ವಿಜ್ಞಾನಿಗಳು ತೋರಿಸಿರುವಂತೆ, ಹಾಗೆ ತೌಡು ತೆಗೆದಾಗ ನಾರು, ಪ್ರೋಟೀನ್, ಖನಿಜಾಂಶ ಎಲ್ಲವೂ ಇಳಿಯುತ್ತವೆ. ಊರ ಗಿರಣಿಯಲ್ಲಿ ಇಡಿಯಾಗಿ ಬೀಸುವ ಜೋಳಕ್ಕೆ ಆ ಗತಿ ಇಲ್ಲ. ಅದಕ್ಕೆ ಮೇಳದ ಮಂಟಪವೂ ಇಲ್ಲ.

ರೊಟ್ಟಿ ತಿಂದರೆ ಸಾಕು, ಬೊಜ್ಜು ಓಡಿಹೋಗುತ್ತದೆ ಎಂದು ಇದರ ಅರ್ಥವಲ್ಲ. ಎಣ್ಣೆ ತೇಲುವ ಎಣ್ಣೆಗಾಯಿ, ಸಂಜೆ ಮಿರ್ಚಿ-ಮಂಡಕ್ಕಿ, ದಿನಕ್ಕೆ ಐದಾರು ಸಿಹಿ ಚಾ ಮುಂದುವರಿದರೆ ರೊಟ್ಟಿ ಒಂದೇ ಏನು ಮಾಡೀತು? ಹಳೆಯ ತಲೆಮಾರು ತೆಳ್ಳಗಿದ್ದದ್ದಕ್ಕೆ ರೊಟ್ಟಿಯಷ್ಟೇ ಅರೆಹೊಟ್ಟೆಯೂ ಕಾರಣ ಎಂಬುದನ್ನೂ ಮರೆಯಬಾರದು.

ಸರ್ಕಾರಕ್ಕೆ ಮಾಡಲು ಕೆಲಸವಿದೆ, ಅದು ‘ಹೆಚ್ಚು ನಾರು ತಿನ್ನಿ’ ಎಂಬ ಗೋಡೆಬರಹವಲ್ಲ. ಜೋಳಕ್ಕೆ ಬೆಂಬಲ ಬೆಲೆ ಇದೆ, 2025-26ಕ್ಕೆ ಮಾಲ್ದಂಡಿ ತಳಿಗೆ ಕ್ವಿಂಟಲಿಗೆ 3,749 ರೂಪಾಯಿ. ಗೋವಿನಜೋಳದ 2,400ಕ್ಕೆ ಹೋಲಿಸಿದರೆ ಕಡಿಮೆಯೇನಲ್ಲ. ಖರೀದಿ ಕೇಂದ್ರ ಬೇಗ ತೆರೆದು, ಹಾಗೆ ಕೊಂಡ ಜೋಳವನ್ನು ಅದೇ ಜಿಲ್ಲೆಯ ನ್ಯಾಯಬೆಲೆ ಅಂಗಡಿಗೆ ಇಳಿಸಬೇಕು. ಮತ್ತೆ ಆ ಜೋಳ ರೊಟ್ಟಿಯಾಗುವ ದುಡಿಮೆಗೆ ಕೂಲಿ ಸಿಗಬೇಕು. ಗದಗ, ಹುಬ್ಬಳ್ಳಿ ಸೀಮೆಯಲ್ಲಿ ಖಡಕ್ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳ ಗುಂಪುಗಳಿವೆ, ರೊಟ್ಟಿ ಮಾಡುವ ಯಂತ್ರಗಳೂ ಬಂದಿವೆ. ಒಣಗಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಇನ್ನೂರು ಮಕ್ಕಳ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರೇ ನಾನೂರು ರೊಟ್ಟಿ ಬಡಿಯಬೇಕೆಂದರೆ ಅದು ಅನ್ಯಾಯ. ಗುಂಪುಗಳಿಂದ ಕೊಂಡರೆ ಶಾಲೆಗೆ, ವಿದ್ಯಾರ್ಥಿನಿಲಯಕ್ಕೆ ವಾರದಲ್ಲಿ ಎರಡು ದಿನ ರೊಟ್ಟಿ, ಕಾಳುಪಲ್ಯ ಕೊಡುವುದು ಅಸಾಧ್ಯವೇನಲ್ಲ. ಹಿಂಗಾರಿ ಜೋಳ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಕಣಕ್ಕೆ ಬರುತ್ತದೆ. ಶಾಲೆಯ ಬಾಗಿಲು ತೆರೆಯುವುದು ಜೂನ್ ಹೊತ್ತಿಗೆ. ಖರೀದಿ, ಗುಂಪುಗಳ ಆಯ್ಕೆ, ಒಂದು ರೊಟ್ಟಿಗೆ ಎಷ್ಟು ಎಂಬ ದರ, ಮೂರನ್ನೂ ಆ ನಡುವಿನ ತಿಂಗಳುಗಳಲ್ಲೇ ಮುಗಿಸಬಹುದು.